ಒಂದು ಫ್ರೀ ಥ್ರೋ, ನನ್ನದೊಂದು ಸುಳ್ಳು

ನಾನು ಬಾಸ್ಕೆಟ್‌ಬಾಲ್ ಕಲಿತದ್ದು ಹೈಸ್ಕೂಲಿನಲ್ಲಿ. ನನ್ನ ಓದು ಮುಗಿದದ್ದೂ ಅಲ್ಲಿಗೇ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಹಿರಿಯಡ್ಕದಲ್ಲಿ ಕೈ ಅಡ್ಡ ಹಿಡಿದವರನ್ನೆಲ್ಲ ಒಳಗೆ ತುಂಬಿಸುತ್ತಿದ್ದವನಿಗೆ, ಜಾಗ ಇಲ್ಲದಲ್ಲಿ ಜಾಗ ಮಾಡಿಕೊಳ್ಳುವುದು ಹೇಗೆಂದು ಮಕ್ಕಳಿಗೆ ಕಲಿಸುವುದು ಕಷ್ಟವೇನಲ್ಲ. ಕೆಲಸ ಬಿಟ್ಟು ಕಾಪುವಿನ ಮನೆಯಲ್ಲಿ ಕೂತಿದ್ದಾಗ ಮೊಮ್ಮಗಳ ಶಾಲೆಯವರು, ಹುಡುಗಿಯರ ತಂಡವನ್ನು ಸಂಜೆ ಸ್ವಲ್ಪ ನೋಡಿಕೊಳ್ಳಿ ಎಂದರು. ಅವರು ಇನ್ನೊಮ್ಮೆ ಕರೆಯಲಿ ಎಂದು ಕಾಯದೆ ಹೋದೆ.

ಬಸ್ಸಿನ ಸೀಟಿ ಇನ್ನೂ ನನ್ನ ಹತ್ತಿರ ಇತ್ತು. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಓಡಬೇಕು. ಅದನ್ನೇ ಮಕ್ಕಳಿಗೂ ಅಭ್ಯಾಸ ಮಾಡಿಸಿದೆ. ಮೊದಲ ಪಂದ್ಯದಲ್ಲಿ ರೆಫರಿ ಅವಸರದಲ್ಲಿ ಎರಡು ಸಲ ಊದಿದರು. ಬೇರೆ ತಂಡದವರೆಲ್ಲ ನಿಂತರು, ನಮ್ಮ ಐವರು ಮಾತ್ರ ಓಡುತ್ತಲೇ ಇದ್ದರು. ಮಕ್ಕಳು ನನ್ನನ್ನು ಕೋಚ್ ಅಜ್ಜ ಎಂದು ಕರೆಯುತ್ತಿದ್ದರು. ಆ ಹೆಸರು ಕೇಳಿದಾಗಲೆಲ್ಲ ಒಂದು ಇಂಚು ಎತ್ತರವಾಗುತ್ತಿದ್ದೆ.

ತಂಡದಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬಳು ನನ್ನ ಮೊಮ್ಮಗಳು. ಚೆನ್ನಾಗಿ ಓಡುತ್ತಾಳೆ, ಅದಕ್ಕಿಂತ ಚೆನ್ನಾಗಿ ಮಾತಾಡುತ್ತಾಳೆ, ಚೆಂಡು ಬುಟ್ಟಿಗೆ ಬೀಳುವುದು ಮಾತ್ರ ಅಷ್ಟಕ್ಕಷ್ಟೆ. ಇನ್ನೊಬ್ಬಳು ಕಾಪು ಮಾರ್ಕೆಟಿನಲ್ಲಿ ಮೀನು ಮಾರುವ ಹೆಂಗಸಿನ ಮಗಳು. ಮಾತು ಕಡಿಮೆ. ಫ್ರೀ ಥ್ರೋ ಎಂದರೆ ಯಾರೂ ಅಡ್ಡ ಬಾರದೆ ಗೆರೆಯಲ್ಲಿ ನಿಂತು ಒಬ್ಬಳೇ ಹಾಕುವ ಎಸೆತ. ಅವಳು ಆ ಗೆರೆಯಲ್ಲಿ ನಿಂತರೆ ನಾನು ಬುಟ್ಟಿಯ ಕಡೆ ನೋಡುತ್ತಲೂ ಇರಲಿಲ್ಲ. ಬಲೆಯ ಸದ್ದು ಕೇಳಿದರೆ ಸಾಕಿತ್ತು.

ಮಣಿಪಾಲದಲ್ಲಿ ಒಂದು ಪಂದ್ಯ. ಕೊನೆಯ ಕೆಲವು ಸೆಕೆಂಡು. ಎದುರಿನವರು ಒಂದು ಅಂಕ ಮುಂದೆ, ಚೆಂಡೂ ಅವರ ಕೈಯಲ್ಲೇ. ಅವರ ಕೋಚ್ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಾಗುತ್ತಿತ್ತು. ಆದರೆ ನಮ್ಮವಳ ಮೇಲೆ ಫೌಲ್ ಕೊಡಲಿಲ್ಲ ಎಂದು ಆತನಿಗೆ ಸಿಟ್ಟು. ರೆಫರಿ ಇಡೀ ದಿನ ಘಟ್ಟದ ಮೇಲಿನ ಕನ್ನಡ ಮಾತಾಡಿದ್ದರು. ಇವರಿಗೇನು ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ ಆತ ತುಳುವಿನಲ್ಲಿ ಅವರ ಕಣ್ಣನ್ನೂ ಅವರನ್ನು ಕರೆಸಿದವರನ್ನೂ ಬೈದ. ರೆಫರಿ ಸೀಟಿ ಊದಿ, ಚೊಕ್ಕ ತುಳುವಿನಲ್ಲೇ, "ಕಣ್ಣು ಕಾಣ್ತದೆ ಮಾರಾಯ್ರೇ, ಕಿವಿಯೂ ಕೇಳ್ತದೆ. ನನ್ನ ಅಜ್ಜಿ ಮನೆ ಪಡುಬಿದ್ರಿ" ಎಂದರು. ಇಡೀ ಮೈದಾನ ನಕ್ಕಿತು. ಕೋಚ್ ತಪ್ಪಿಗೆ ನಮಗೊಂದು ಫ್ರೀ ಥ್ರೋ ಸಿಕ್ಕಿತು. ಒಳಗೆ ಬಿದ್ದರೆ ಸಮಬಲ.

ಇಂಥ ಎಸೆತವನ್ನು ಯಾರು ಹಾಕಬೇಕೆಂದು ಕೋಚ್ ಹೇಳಬಹುದು. ಮೀನಿನವಳ ಮಗಳು ಆಗಲೇ ಗೆರೆಯ ಕಡೆ ನಡೆದಿದ್ದಳು. ನಾನು ಅವಳನ್ನು ನಿಲ್ಲಿಸಿ ಮೊಮ್ಮಗಳನ್ನು ಕಳಿಸಿದೆ. ಕಾರಣ ಇಷ್ಟೆ: ದುಬೈಯಿಂದ ರಜೆಯಲ್ಲಿ ಬಂದಿದ್ದ ಅಳಿಯ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ. ಅದರಲ್ಲಿ ಅವನ ಮಗಳು ತಂಡವನ್ನು ಉಳಿಸಬೇಕು, ಹಿಂದೆ ಅವಳ ಅಜ್ಜ ಕೈಕಟ್ಟಿ ನಿಂತಿರಬೇಕು ಎಂದು ನನಗೆ ಆಸೆ. ಚೆಂಡು ಬುಟ್ಟಿಯ ಕಬ್ಬಿಣಕ್ಕೆ ಬಡಿದು ಹೊರಗೆ ಬಂತು. ಸೋತೆವು.

ಹುಡುಗಿಯ ತಾಯಿ ಆ ದಿನ ಮಧ್ಯಾಹ್ನಕ್ಕೇ ವ್ಯಾಪಾರ ಬಿಟ್ಟು ಬಂದಿದ್ದಳು. ಎಲ್ಲರ ಎದುರು ಕೇಳಿದಳು, "ಮಾಸ್ಟ್ರೇ, ನನ್ನ ಮಗಳು ಯಾಕೆ ಹಾಕಲಿಲ್ಲ? ಅವಳ ಕೈ ತಪ್ಪುದಿಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಕರೆದೆ ಮಾರಾಯ್ತಿ," ಎಂದೆ. "ಕೈ ನಡುಗ್ತಾ ಉಂಟು, ಬೇಡ ಅಂದಳು. ಒತ್ತಾಯ ಮಾಡ್ಲಿಕ್ಕೆ ಆಗ್ತದಾ?"

ಮೊದಲೇ ಯೋಚಿಸಿಟ್ಟ ಸುಳ್ಳಲ್ಲ ಅದು. ಚಿಲ್ಲರೆ ಇಲ್ಲ ಎನ್ನುವಷ್ಟು ಸಲೀಸಾಗಿ ಬಾಯಿಗೆ ಬಂತು. ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು. "ಹೌದಾ?" ಎಂದು ತಾಯಿ ಕೇಳಿದ್ದಕ್ಕೆ, ಬಗ್ಗಿ ಶೂ ಲೇಸ್ ಬಿಚ್ಚುತ್ತ "ಹೂಂ" ಎಂದಳು.

ಜಿಲ್ಲಾ ತಂಡದ ತರಬೇತಿಗೆ ಹುಡುಗಿಯರನ್ನು ಆರಿಸುವ ಪಿ.ಟಿ. ಮಾಸ್ಟ್ರು ಪಕ್ಕದಲ್ಲೇ ನಿಂತಿದ್ದರು. ತಿಂಗಳ ನಂತರ ಅವರ ಪಟ್ಟಿ ಬಂತು. ನನ್ನ ಮೊಮ್ಮಗಳ ಹೆಸರು ಉಂಟು, ಅವಳ ಹೆಸರು ಇಲ್ಲ. ಫೋನ್ ಮಾಡಿದೆ. "ಆಟ ಒಳ್ಳೆದುಂಟು," ಎಂದರು, "ಆದ್ರೆ ಕೈ ನಡುಗುವವಳನ್ನು ಕರ್ಕೊಂಡು ಹೋಗಿ ಎಂತ ಮಾಡುದು? ನೀವೇ ಹೇಳಿದ್ದಲ್ವಾ?" ನಾನು "ಹೋ, ಹೌದಲ್ವಾ" ಎಂದು ಫೋನ್ ಇಟ್ಟೆ. ಆ "ಹೌದಲ್ವಾ" ಮೊದಲಿನ ಸುಳ್ಳಿಗಿಂತ ಕೆಟ್ಟದು. ಇದನ್ನು ಯೋಚಿಸಿಯೇ ಹೇಳಿದ್ದೆ.

ಮರುದಿನ ಬಸ್ ಹಿಡಿದು ಮಣಿಪಾಲಕ್ಕೆ ಹೋಗಿ ಮಾಸ್ಟ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿದರು. "ಭಾನುವಾರ ಕಳಿಸಿ, ನೋಡುವ. ಆದ್ರೆ ಪಟ್ಟಿ ಬಂದ ಮೇಲೆ ಅವಳ ತಾಯಿ ಆಟವನ್ನೇ ಬಿಡಿಸಿದ್ದಾರಂತೆ. ಹೆದರುವವಳಿಗೆ ಆಟ ಯಾಕೆ ಅಂತ."

ಅಲ್ಲಿಂದ ನೇರ ಕಾಪು ಮಾರ್ಕೆಟಿಗೆ ಬಂದೆ. ಹುಡುಗಿಯ ತಾಯಿ ಮೀನು ಕೊಯ್ಯುತ್ತ ಕೂತಿದ್ದಳು. ಅವಳ ಪಕ್ಕದ ಮೀನಿನವಳು ನನ್ನನ್ನು ಕಂಡು, "ಎಂತ ಕಂಡಕ್ಟ್ರೇ, ಬಂಗುಡೆ ಬೇಕಾ, ಬರೇ ನೋಡಿ ಹೋಗುದಾ?" ಎಂದಳು. ಸುಳ್ಳನ್ನು ನಾಲ್ಕು ಜನರ ಎದುರು ಹೇಳಿದ್ದೆ, ಇದನ್ನೂ ಹಾಗೆಯೇ ಹೇಳಬೇಕು ಎಂದು ಗಟ್ಟಿಯಾಗಿಯೇ ಹೇಳಿದೆ. ನಿಮ್ಮ ಮಗಳು ಬೇಡ ಅನ್ನಲಿಲ್ಲ, ನಾನೇ ತಡೆದು ಮೊಮ್ಮಗಳನ್ನು ಕಳಿಸಿದೆ, ಭಾನುವಾರ ಮಾಸ್ಟ್ರು ನಿಮ್ಮ ಮಗಳ ಆಟ ನೋಡುತ್ತಾರಂತೆ ಎಂದೆ.

ಪಕ್ಕದವಳಿಗೆ ಹಬ್ಬ. "ಮೊಮ್ಮಗಳಿಗೆ ಚೆಂಡು, ನಮ್ಮ ಹುಡುಗಿಗೆ ನಡುಕ! ಒಳ್ಳೆ ಟಿಕೆಟ್ ಕೊಟ್ರಿ ಕಂಡಕ್ಟ್ರೇ!"

ತಾಯಿ ನಗಲಿಲ್ಲ. ಮೀನು ಕೊಯ್ಯುತ್ತಿದ್ದ ಕೈ ನಿಂತಿತು. "ಒಂದು ತಿಂಗಳಿಂದ ದಿನಾ ಅವಳಿಗೆ ಹೆದರುಪುಕ್ಕಲಿ ಅಂತಿದ್ದೇನೆ. ಒಂದು ಮಾತು ಎದುರು ಹೇಳಲಿಲ್ಲ ಅವಳು." ಆಮೇಲೆ ಚೂರಿಯಿಂದಲೇ ಒಂದು ಖಾಲಿ ಪೆಟ್ಟಿಗೆ ತೋರಿಸಿದಳು. "ಶಾಲೆ ಬಿಟ್ಟು ಇಲ್ಲಿಗೇ ಬರ್ತಾಳೆ. ಇದೇ ಮಾತು ಅವಳ ಎದುರು ಹೇಳಿ. ಅಷ್ಟರವರೆಗೆ ಕೂತ್ಕೊಳ್ಳಿ."

ಮಗುಚಿದ ಮೀನಿನ ಪೆಟ್ಟಿಗೆಯ ಮೇಲೆ ಎರಡು ಗಂಟೆ ಕೂತೆ. ಪರಿಚಯದವರು ಒಬ್ಬೊಬ್ಬರೇ ಬಂದು, ವ್ಯಾಪಾರ ಶುರು ಮಾಡಿದ್ರಾ ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಪಕ್ಕದವಳೇ ಕತೆ ಹೇಳುತ್ತಿದ್ದಳು. ಮೂರನೆಯ ಸಲ ಹೇಳುವಷ್ಟರಲ್ಲಿ ಅವಳ ಕತೆಯಲ್ಲಿ ನಾನು ಹುಡುಗಿಯ ಕೈಯಿಂದ ಚೆಂಡನ್ನೇ ಕಿತ್ತುಕೊಂಡಿದ್ದೆ. ತಿದ್ದಲಿಕ್ಕೆ ಹೋಗಲಿಲ್ಲ.

ಹುಡುಗಿ ಬಂದಳು. ಎದ್ದು ನಿಂತು ಹೇಳಿದೆ. ಅವಳು ಬ್ಯಾಗ್ ಇಳಿಸಿ, ಸ್ವಲ್ಪ ಯೋಚಿಸಿ, "ನಾನು ಹಾಕಿದ್ರೂ ಬೀಳ್ತಿತ್ತು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಜ್ಜ," ಎಂದಳು. "ಆದ್ರೆ ನನ್ನ ಕೈ ನಡುಗಲಿಲ್ಲ."

"ಮತ್ತೆ ಅವತ್ತು ಹೂಂ ಅಂದದ್ದು ಯಾಕೆ?" ತಾಯಿ ಗದರಿದಳು.

"ಅಷ್ಟು ಜನರ ಎದುರು ಕೋಚ್ ಅಜ್ಜ ಸುಳ್ಳು ಹೇಳಿದ್ದು ಅಂತ ಹೇಗೆ ಹೇಳುದಮ್ಮ?"

ತಾಯಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಗಳ ಬ್ಯಾಗನ್ನು ಒದ್ದೆ ನೆಲದಿಂದ ಎತ್ತಿ ಇಟ್ಟಳು. "ಭಾನುವಾರ ಎಷ್ಟು ಗಂಟೆಗೆ?" ಎಂದು ಕೇಳಿದಳು. ಬೆಳಿಗ್ಗೆ ಏಳಕ್ಕೆ ಎಂದೆ.

"ನಾನೇ ಕರ್ಕೊಂಡು ಹೋಗ್ತೇನೆ. ನೀವು ಬರುದು ಬೇಡ."

ನಾನು ಹೋಗಲಿಲ್ಲ. ಭಾನುವಾರ ಸಂಜೆ ಮೊಮ್ಮಗಳು ಬಂದು ಸುದ್ದಿ ಹೇಳಿದಳು. ಮೀನಿನವಳ ಮಗಳನ್ನು ತೆಗೆದುಕೊಂಡರಂತೆ. ತಾಯಿ ಬೇಲಿ ಹಿಡಿದು ನಿಂತು ಒಂದೊಂದು ಎಸೆತಕ್ಕೂ ಬೊಬ್ಬೆ ಹೊಡೆದಳಂತೆ, ಮಾಸ್ಟ್ರು ಎರಡು ಸಲ ಸುಮ್ಮನಿರಿ ಎಂದರಂತೆ. ನನ್ನನ್ನು ಯಾರಾದರೂ ಕೇಳಿದರಾ ಎಂದೆ.

"ಇಲ್ಲ ಅಜ್ಜ," ಎಂದಳು. ನನಗೆ ಬೇಸರವಾಗದಿರಲಿ ಎಂದು ಒಂದು ಸುಳ್ಳನ್ನೂ ಸೇರಿಸಿ ಹೇಳಲಿಲ್ಲ. ಅದು ನನಗೆ ಹಿಡಿಸಿತು.