ಬಂಡೆಪ್ಪನವರ ಲಾಭ
ಸಾಫ್ಟ್‌ವೇರಿನವರಿಗೆಂದು ಹೈದರಾಬಾದಿನ ಮಿಯಾಪುರದಲ್ಲಿ ಮಹಡಿಯ ಮೇಲೆ ಮಹಡಿ ಏಳುತ್ತಿದ್ದಾಗ, ಅವನ್ನು ಕಟ್ಟುವವರ ಮಕ್ಕಳ ರಕ್ತದಲ್ಲಿ ಮಲೇರಿಯಾ ಹುಳ ಎಷ್ಟಿವೆಯೆಂದು ಎಣಿಸುತ್ತಿದ್ದವರು ದವಾಖಾನೆಯ ಬಂಡೆಪ್ಪನವರು. ಜೋಳ ಅಳೆಯುವ ಮನೆತನದವರಾದ್ದರಿಂದ ಅವರ ಎಣಿಕೆ ‘ಒಂದು’ ಎನ್ನದೆ, ಶುಭವಾಗಲೆಂದು ‘ಲಾಭ’ ಎಂದೇ ಶುರುವಾಗುತ್ತಿತ್ತು. ಚಹಾ ಕುಡಿದರೂ ಲಾಭ, ಎರಡು. ಸೀನಿದರೂ ಲಾಭ, ಎರಡು, ಮೂರು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಾಗ ಮಾತ್ರ ನಾಲಿಗೆ ಕಚ್ಚಿಕೊಂಡು ‘ಒಂದು’ ಎನ್ನುತ್ತಿದ್ದರು. “ಹುಳಕ್ಕ ಯಾರರ ಲಾಭ ಅಂತಾರೇನ್ರಿ?” ಎಂಬುದು ಅವರ ಮಾತು. ಆ ಕಟ್ಟಡಕ್ಕೆ ಇಟ್ಟಿಗೆ ಹೊರುವ ಸುಗಲಮ್ಮನ ಕೂಸಿನ ಹುಳ ಸೋಮವಾರ ಎಣಿಸಿ ಎಣಿಸಿ ಅವರ ಕಣ್ಣು ಸೋತಿತ್ತು. ಔಷಧಿ ಕುಡಿಸಿದ ಮೇಲೆ ಗುರುವಾರ ನೋಡಿದರೆ ಒಂದೂ ಸಿಗಲಿಲ್ಲ. ಮೂರು ಸಲ ಹುಡುಕಿದರು. “ಎಷ್ಟ ಅದಾವ್ರಿ?” ಎಂದು ಸುಗಲಮ್ಮ ಕೇಳಿದಳು. ಬಂಡೆಪ್ಪನವರು ಎಣಿಸುವವರಂತೆ ಬೆರಳು ಚಾಚಿ, ಅವಳ ಬಗಲಲ್ಲಿದ್ದ ಕೂಸಿನ ತಲೆ ಮುಟ್ಟಿ, “ಲಾಭ” ಎಂದರು.