ರಸ್ತೆಯಾಚೆಯ ಕಣ್ಣು

ಗೋಡೆಗೆ ಮೂಗು ತಾಗಿಸಿ ಬಣ್ಣ ಬಳಿಯುವವನಿಗೆ ತಾನು ಬರೆದ ಮೂಗು ನೆಟ್ಟಗಿದೆಯೋ ಸೊಟ್ಟಗಿದೆಯೋ ಗೊತ್ತಾಗುವುದಿಲ್ಲ. ಹಾಗಾಗಿ ಗೋಡೆಯಣ್ಣ ಅಟ್ಟಣಿಗೆ ಹತ್ತಿದಾಗಲೆಲ್ಲ, ಇಪ್ಪತ್ತೆರಡು ವರ್ಷದಿಂದ, ಅವನ ಹೆಂಡತಿ ರಸ್ತೆಯಾಚೆ ನಿಂತು ಕೂಗುತ್ತಿದ್ದಳು: ಎಡಗಣ್ಣು ಇಳಿಸು, ಗದ್ದ ಊದಿಕೊಂಡಿದೆ, ಹಲ್ಲು ಯಾರದೋ ಕದ್ದು ತಂದ ಹಾಗಿದೆ. ಹೊಲಿಗೆ ಕಾರ್ಮಿಕರ ಸಂಘದ ಮುಷ್ಕರದ ಗೋಡೆಚಿತ್ರಗಳಿಗೆಲ್ಲ ಕೈ ಇವನದು, ಕಣ್ಣು ಅವಳದು. ಲಾಠಿ ಏಟು ತಿಂದ ಕೈ. ಅದರ ಜಂಬವೂ ಇತ್ತು.

ಈ ಸಲ ಸಂಘದವರು ತಮ್ಮ ಕಚೇರಿಯ ಗೋಡೆಯನ್ನು ಚಿತ್ರ ಬರೆಯಲು ಅವನ ತಮ್ಮನಿಗೆ ಕೊಟ್ಟರು. ಗೋಡೆ ಹೋದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಹೆಂಡತಿಯೂ ಮೈದುನನ ಕೆಲಸಕ್ಕೆಂದು ರಸ್ತೆಯಾಚೆ ಹೋಗಿ ನಿಂತಳು.

ತಮ್ಮನ ಚಿತ್ರ ವಿಚಿತ್ರದ್ದು. ಹತ್ತಿರ ಹೋದರೆ ಹೊಲಿಗೆ ಮೆಷಿನ್ನುಗಳ ಮುಂದೆ ಸಾಲಾಗಿ ಕೂತ ಹೆಂಗಸರು, ಕೂದಲೆಳೆಯ ಗೆರೆಗಳಲ್ಲಿ. ರಸ್ತೆ ದಾಟಿ ತಿರುಗಿದರೆ ಗೆರೆಗಳೆಲ್ಲ ಮಾಯ. ಒಬ್ಬಳೇ ಮುದುಕಿ ಗೋಡೆ ತುಂಬ ನಗುತ್ತಿದ್ದಾಳೆ. ಜನ ಮುಂದೆ ಹೋಗುವುದು, ಹಿಂದೆ ಬರುವುದು, ಬಾಯಿ ಬಿಡುವುದು. ಗೋಡೆಯಣ್ಣ ಮಾತ್ರ ರಸ್ತೆ ದಾಟಲಿಲ್ಲ. ಇದು ಕಣ್ಕಟ್ಟು, ಚಿತ್ರವಲ್ಲ ಎಂದು ಮನೆಯಲ್ಲಿ ಗೊಣಗಿದ. ಹೊಟ್ಟೆಕಿಚ್ಚಿಗೆ ಔಷಧಿ ಇಲ್ಲ, ಊಟ ಮಾಡು ಎಂದು ಹೆಂಡತಿ ತಟ್ಟೆ ಮುಂದೆ ನೂಕಿದಳು.

ಮರುದಿನ ಮಧ್ಯಾಹ್ನ ತಮ್ಮ ಊಟಕ್ಕೆ ಹೋದದ್ದೇ ತಡ, ಇವನು ಒದ್ದೆ ಬಟ್ಟೆ ಹಿಡಿದು ಅಟ್ಟಣಿಗೆ ಹತ್ತಿದ. ಮುದುಕಿಯ ನಗುವನ್ನೇ ಒರೆಸಿಬಿಡಬೇಕು. ಆದರೆ ಅಲ್ಲಿ ನಗುವೆಲ್ಲಿದೆ? ಕಂಡದ್ದು ಒಣಗಿ ಗಟ್ಟಿಯಾದ ಬೂದು ಕಲೆಗಳು, ಅವುಗಳ ಮೇಲೆ ಇನ್ನೂ ಗಟ್ಟಿಯಾಗದ ಸಣ್ಣ ಕಪ್ಪು ಗೆರೆಗಳು. ಚಿತ್ರವೆಂದರೆ ಗೆರೆ ಎಂದೇ ಕಲಿತವನು. ಕಲೆ ಬಿಟ್ಟು ಗೆರೆ ಒರೆಸಿದ. ಹನ್ನೊಂದು ಹೆಂಗಸರು ಹೋದರು, ಮೆಷಿನ್ನು ಸಮೇತ.

ಇಳಿದು, ಮೊದಲ ಸಲ ರಸ್ತೆ ದಾಟಿ ತಿರುಗಿದ. ಮುದುಕಿ ಹಾಗೇ ನಗುತ್ತಿದ್ದಳು; ಅವಳಿದ್ದದ್ದು ಆ ಬೂದು ಕಲೆಗಳಲ್ಲಿ. ಚಹಾದಂಗಡಿಯ ಮುಂದೆ ಹೆಂಡತಿ ನಿಂತಿದ್ದಳು.

“ನೋಡ್ತಾ ಇದ್ಯಾ?” ಎಂದ.

“ಅರ್ಧ ಗಂಟೆಯಿಂದ. ಇಲ್ಲಿಂದ ನೋಡಿದ್ರೆ ಏನೂ ಬದಲಾಗಿಲ್ಲ. ತಮ್ಮನ ಜೊತೆ ಕೈ ಜೋಡಿಸ್ತಿದೀಯ ಅಂತ ಖುಷಿಪಟ್ಟೆ.”

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಕಣ್ಣು ಕಪ್ಪಾದ ಬಟ್ಟೆಯ ಮೇಲೆ ಬಿತ್ತು. ಗೋಡೆಯ ಹತ್ತಿರ ಹೋಗಿ ನೋಡಿ ಬಂದಳು. ಬೈಯಲಿಲ್ಲ; ಬೈದಿದ್ದರೆ ಇವನು ಬದುಕಿಕೊಳ್ಳುತ್ತಿದ್ದ.

“ಇಷ್ಟು ವರ್ಷ ಬರೀ ಮುಖಂಡರ ಮುಖ ಬರೆದೆ. ಹೊಲಿಯೋರು ಗೋಡೆ ಹತ್ತಿದ್ದು ಇದೊಂದೇ ಸಲ, ಅವರನ್ನೇ ಒರೆಸ್ದೆ. ಹೋಗು, ನೀನೇ ಬರಿ.”

“ನೀನು ಇಲ್ಲಿಂದ ಹೇಳ್ತೀಯಾ?”

“ಏನು ಹೇಳ್ಲಿ? ಆ ಗೆರೆ ಇಲ್ಲಿಗೆ ಕಾಣಲ್ಲ.”

ತಮ್ಮ ಬಂದಾಗ ಅಣ್ಣ ಸಣ್ಣ ಕುಂಚದಲ್ಲಿ ಮೊದಲನೆಯವಳ ಬೆರಳು ಬರೆಯುತ್ತಿದ್ದ. ಮಾಡಿದ್ದನ್ನು ತಾನೇ ಹೇಳಿದ. ತಮ್ಮ ಅಟ್ಟಣಿಗೆಯ ಇನ್ನೊಂದು ತುದಿಗೆ ಹೋಗಿ ಮುದುಕಿಯ ಕೆನ್ನೆಗೆ ನೆರಳು ಬಳಿಯತೊಡಗಿದ. ರಸ್ತೆಯಾಚೆಯಿಂದ ಹೆಂಡತಿಯ ದನಿ ಬಂತು: ಇನ್ನೂ ಸ್ವಲ್ಪ ಕಪ್ಪು, ಕೆಳಗೆ, ಹಾಂ, ಸಾಕು. ಒಂದು ಮಾತೂ ಇವನಿಗಲ್ಲ. ಗೋಡೆಯಣ್ಣ ಹಲ್ಲು ಕಚ್ಚಿಕೊಂಡು ಎರಡನೆಯವಳನ್ನು ಬರೆಯಲು ಶುರುಮಾಡಿದ.