ಎಲ್ಲವನ್ನೂ ಜೀವಕ್ಕೇ ಹಾಕಿದೆ

ತಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ ನಾನು ಯುದ್ಧಕ್ಕಿಳಿದೆ. ಕುಮಟೆ ಹತ್ತಿರದ ಬಾಡದಲ್ಲಿ ಹೊಲಿಗೆ ಮಷಿನ್ ತುಳಿದುಕೊಂಡಿದ್ದವಳು ನಾನು. ಅದುವರೆಗೆ ಮೊಬೈಲಿನಲ್ಲಿ ಮಾತಾಡುವುದು, ಬ್ಲೌಸಿನ ಡಿಸೈನ್ ನೋಡುವುದು ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ.

ತಮ್ಮ ತೆಂಗಿನಗುಂಡಿಯಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದ. ಕಿಡ್ನಿ ಕೈಕೊಟ್ಟಾಗ, ಕುಮಟೆಯ ಆಸ್ಪತ್ರೆಗೆ ಹತ್ತಿರವಾಗುತ್ತದೆ ಎಂದು ನಮ್ಮ ಮನೆಗೇ ಕರೆದುಕೊಂಡು ಬಂದೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಪ್ರತಿ ಸಲ ನಾಲ್ಕು ತಾಸು. ಎಡಗೈಗೆ ಸೂಜಿ ಚುಚ್ಚಿದರೆ ಮುಗಿಯಿತು, ಆ ಕೈಯನ್ನು ಅಲ್ಲಾಡಿಸುವ ಹಾಗಿಲ್ಲ. ಇವನಿಗೋ ಮೊಬೈಲ್ ಆಟದ ಹುಚ್ಚು. ಆ ಆಟದಲ್ಲಿ ಎಡ ಹೆಬ್ಬೆರಳು ಯೋಧನನ್ನು ನಡೆಸಬೇಕು, ಬಲ ಹೆಬ್ಬೆರಳು ಕತ್ತಿ ಬೀಸಬೇಕು. ಹಾಗಾಗಿ ಅವನ ಹೊಟ್ಟೆಯ ಮೇಲೊಂದು ದಿಂಬು, ಅದರ ಮೇಲೆ ಮೊಬೈಲ್. ನಡೆಸುವುದು ನಾನು, ಹೊಡೆಯುವುದು ಅವನು.

ಅವನ ಯೋಧ ಬಿಲ್ಲು ಬಾಣದವನಲ್ಲ, ಮಂತ್ರ ಹಾಕುವವನೂ ಅಲ್ಲ. ರಾಕ್ಷಸನ ಮೈಗೆ ಮೈ ತಾಗುವಷ್ಟು ಹತ್ತಿರ ಹೋದರೆ ಮಾತ್ರ ಅವನ ಕತ್ತಿ ತಗಲುತ್ತದೆ. ನನಗೋ ರಾಕ್ಷಸ ಕಂಡ ಕೂಡಲೇ ಜೀವ ಬಾಯಿಗೆ ಬರುತ್ತಿತ್ತು, ಬೆರಳು ತಾನಾಗಿ ಹಿಂದಕ್ಕೆ ಓಡುತ್ತಿತ್ತು. ತಮ್ಮ ಗಾಳಿಗೆ ಕತ್ತಿ ಬೀಸಿ ಬೀಸಿ ಸುಸ್ತಾಗುತ್ತಿದ್ದ. ಪೆಟ್ಟು ತಿನ್ನದೆ ಪೆಟ್ಟು ಕೊಡಲಿಕ್ಕಾಗುವುದಿಲ್ಲ ಎಂದು ಎಷ್ಟು ಸಲ ಹೇಳಿದನೋ. ಸೂಜಿ ಹಾಕುವ ನರ್ಸು, ನಿಮ್ಮ ಅಕ್ಕನಿಂದಾಗಿ ರಾಕ್ಷಸರೆಲ್ಲ ನೂರು ವರ್ಷ ಬದುಕುತ್ತಾರೆ ಎಂದು ನಗುತ್ತಿದ್ದಳು.

ಆದರೂ ಲೆವೆಲ್ ಏರುತ್ತಿತ್ತು. ಒಂದೊಂದು ಲೆವೆಲ್ಲಿಗೂ ಐದು ಅಂಕ ಸಿಗುತ್ತವೆ. ಅವನ್ನು ಬಲಕ್ಕೆ ಹಾಕಬಹುದು, ಇಲ್ಲವೇ ಜೀವಕ್ಕೆ. ಒಮ್ಮೆ ಹಾಕಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಆ ಕೆಲಸವನ್ನು ನನಗೆ ಬಿಟ್ಟು, ಮುಕ್ಕಾಲು ಪಾಲು ಬಲಕ್ಕೆ ಹಾಕು ಎಂದು ಹೇಳಿಕೊಟ್ಟಿದ್ದ. ಮೂರನೇ ತಾಸಿಗೆ ಬಿಪಿ ಇಳಿದು ಅವನಿಗೆ ಮಂಪರು ಕವಿಯುತ್ತಿತ್ತು. ಬಿಳಚಿಕೊಂಡ ಆ ಮುಖ ನೋಡುತ್ತಾ ನಾನು ಅಂಕಗಳನ್ನೆಲ್ಲ ಜೀವಕ್ಕೇ ಹಾಕುತ್ತಿದ್ದೆ. ಐದಕ್ಕೆ ಐದೂ. ಜೀವದ ಕೆಂಪು ಪಟ್ಟಿ ಉದ್ದವಾದ ಹಾಗೆ ನನಗೆ ಸಮಾಧಾನ. ಡಾಕ್ಟರು ಹೇಳಿದ ಒಂದು ಅಂಕಿಯೂ ನನ್ನ ಕೈಯಲ್ಲಿರಲಿಲ್ಲ, ಇದೊಂದಾದರೂ ಇತ್ತು.

ಅಷ್ಟರಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತಾ ಬಂತು. ಬೋಟು ಮತ್ತೆ ಕಡಲಿಗೆ ಇಳಿಯುವ ಮೊದಲು, ಬೋಟು ನಡೆಸುವ ತಾಂಡೇಲರು ಬೋಟಿನ ಆಳುಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಕರೆಯುತ್ತಾರೆ. ಕರೆ ಬಂದವನು ಆ ವರ್ಷದ ಆಳು. ಕರೆಯದೆ ಯಾರೂ ತಾವಾಗಿ ಹೋಗಿ ಹತ್ತುವುದಿಲ್ಲ, ಅದು ಅವರ ಮರ್ಯಾದೆ. ಈ ಸಲ ಬುಧವಾರ ಹೊರಡುತ್ತಾರಂತೆ, ಸಂಜೆಗೇ ವಾಪಸ್ಸಂತೆ, ತಾನು ಬಲೆ ಮುಟ್ಟುವುದಿಲ್ಲ, ಸುಮ್ಮನೆ ಕೂತು ಬರುತ್ತೇನೆ, ಮರುದಿನ ಹೇಗೂ ಡಯಾಲಿಸಿಸ್ ಇದೆ ಎಂದೆಲ್ಲ ತಮ್ಮ ಲೆಕ್ಕ ಹಾಕಿಟ್ಟಿದ್ದ. ನಡುಗಡಲಲ್ಲಿ ಬಿಪಿ ಇಳಿದರೆ ಯಾರು ನೋಡುವವರು? ಅವನು ಸ್ನಾನಕ್ಕೆ ಹೋದಾಗ ತಾಂಡೇಲರಿಗೆ ಫೋನ್ ಹಚ್ಚಿ, ದಮ್ಮಯ್ಯ, ಅವನನ್ನು ಕರೆಯಬೇಡಿ ಎಂದೆ. ಅವರು "ಆತು" ಎಂದರು.

ಆಮೇಲಿನ ನಾಲ್ಕು ದಿನ ಅವನು ಮೊಬೈಲನ್ನು ಕೆಳಗಿಡಲಿಲ್ಲ. ನೆಟ್‌ವರ್ಕ್ ಸಿಗುವುದಿಲ್ಲವೆಂದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ಆಫ್ ಮಾಡಿ ಆನ್ ಮಾಡುತ್ತಿದ್ದ. ನನ್ನಿಂದ ತನ್ನ ಮೊಬೈಲಿಗೆ ಒಮ್ಮೆ ಫೋನ್ ಮಾಡಿಸಿ, ಬರುತ್ತದೋ ಇಲ್ಲವೋ ನೋಡಿದ. ಬಂತು. ನಾನು ಒಳಗೆ ಹೋಗಿ ಸಿಗಡಿ ಸುಲಿಯುತ್ತಾ ಕೂತೆ. ಕಳ್ಳಿಯ ಹಾಗನ್ನಿಸುತ್ತಿತ್ತು. ಆದರೂ ಹೇಳಲಿಲ್ಲ.

ಗುರುವಾರ ಮತ್ತೆ ಆಸ್ಪತ್ರೆ. ಆಟದಲ್ಲಿ ಕೋಟೆಯ ಬಾಗಿಲು ಕಾಯುವ ದೊಡ್ಡ ರಾಕ್ಷಸ ಎದುರಾದ. ಅವತ್ತು ನಾನು ಓಡಲಿಲ್ಲ, ತಮ್ಮ ಹೇಳಿದಲ್ಲೇ ಯೋಧನನ್ನು ನಿಲ್ಲಿಸಿದೆ. ಅರ್ಧ ತಾಸು ಹೊಡೆದರೂ ರಾಕ್ಷಸನಿಗೆ ಗೀರು ಬಿದ್ದಷ್ಟೂ ಆಗಲಿಲ್ಲ. ನಮ್ಮವನೂ ಸಾಯಲಿಲ್ಲ. ತಮ್ಮನಿಗೆ ಅನುಮಾನ ಬಂದು ಅಂಕದ ಪಟ್ಟಿ ತೆರೆದ. ಬಹಳ ಹೊತ್ತು ನೋಡಿದ.

"ಎಲ್ಲಾ ಜೀವಕ್ಕೇ ಹಾಕಿದ್ಯಾ?"

ಸಾಯಬಾರದು ಎಂದು ಹಾಗೆ ಮಾಡಿದೆ ಎಂದೆ.

"ಸಾಯುದಿಲ್ಲ, ಹೌದು. ಎಂತ ಮಾಡುಕೂ ಆಗುದಿಲ್ಲ ಇಂವಂಗೆ. ಬರೀ ನಿಂತ್ಕಂಡೇ ಇರ್ಬೇಕು." ಮೈಯಿಂದ ಮಷಿನ್ನಿಗೆ ಹೋಗುವ ಕೊಳವೆಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ತಾಂಡೇಲ್ರಿಗೆ ಫೋನ್ ಮಾಡಿದ್ದೂ ನೀನೇ ಅಲ್ದಾ ಅಕ್ಕ?"

ಸುಳ್ಳು ಹೇಳಬಹುದಿತ್ತು. ಆದರೆ ಹೌದೆಂದು ತಲೆ ಆಡಿಸಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದರೆ ಚೆನ್ನಾಗಿತ್ತು. ಅವನು ಬಲಗೈಯಲ್ಲಿ ಮೊಬೈಲ್ ಎತ್ತಿ ನನ್ನ ಮಡಿಲಿಗೆ ಹಾಕಿದ.

"ನೀನೇ ಆಡು. ನಿಂಗೆ ಎರಡೂ ಕೈ ಅದೆ."

ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ಮುಗಿಯಲು ಇನ್ನೂ ಎರಡು ತಾಸಿತ್ತು. ನಾನು ಎರಡೂ ಹೆಬ್ಬೆರಳು ಇಟ್ಟು ನೋಡಿದೆ. ನಡೆಸಿದರೆ ಕತ್ತಿ ಏಳುವುದಿಲ್ಲ, ಕತ್ತಿ ಎತ್ತಿದರೆ ಕಾಲು ನಿಲ್ಲುತ್ತದೆ. ರಾಕ್ಷಸ ಹೊಡೆಯುತ್ತಲೇ ಇದ್ದ, ಯೋಧ ತಿನ್ನುತ್ತಲೇ ಇದ್ದ. ನನಗೆ ಅಳು ಬಂತು. ಈಗಲೇ ತಾಂಡೇಲರಿಗೆ ಫೋನ್ ಮಾಡಿ ನಿನ್ನನ್ನು ಕರೆಸುತ್ತೇನೆ ಎಂದೆ.

"ಬ್ಯಾಡ," ಎಂದ ಗೋಡೆಯನ್ನೇ ನೋಡುತ್ತಾ. "ಬೋಟು ನಿನ್ನೆನೇ ಹೋತು."